‘ಹೋಗಲು ಬಿಡೆವು’ ಎಂಬ ಮಾತಿನ ಬೆಲೆ

ತುರ್ಭೆಯಲ್ಲಿ ಪನವೇಲ್ ಕಡೆಗೆ ಹೊರಟ ಲೋಕಲ್ ಹತ್ತಿದರೆ ಜುಯಿನಗರದ ನಂತರ ಬರುವುದೇ ನೆರೂಳ್. ಅಲ್ಲಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ದೊಡ್ಡ ಪಂದ್ಯವಿದ್ದ ದಿನ ನಮ್ಮ ರೈಲಿನ ಡಬ್ಬಿಗಳ ಬಣ್ಣವೇ ಬದಲಾಗುತ್ತದೆ. 2025ರ ನವೆಂಬರ್ 2ರಂದು ಆ ಬಣ್ಣ ನೀಲಿಯಾಗಿತ್ತು. ಮಳೆಯಿಂದ ತಡವಾಗಿ ಆರಂಭವಾದ ಪಂದ್ಯ ಮುಗಿದಾಗ ನಡುರಾತ್ರಿ. ಭಾರತದ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ಏಕದಿನ ವಿಶ್ವಕಪ್ಪನ್ನು ಎತ್ತಿಹಿಡಿದರು. ನಮ್ಮ ಕಟ್ಟಡದ ಗಚ್ಚಿಯ ಮೇಲೆ ಪಟಾಕಿ ಸಿಡಿಸಿದವರಲ್ಲಿ ನಾನೂ ಇದ್ದೆ.

ಕೆಳಗಿಳಿದು ಮನೆಯ ಬಾಗಿಲು ತೆರೆಯುವಾಗ ಮನಸ್ಸಿಗೆ ಒಂದು ಮುಳ್ಳು ತಾಗಿತು. ಈ ರಾತ್ರಿ ನಮ್ಮದಾಗಬೇಕಿರಲಿಲ್ಲ. ಮೊದಲು ಪ್ರಕಟವಾದ ವೇಳಾಪಟ್ಟಿಯಲ್ಲಿ ಉದ್ಘಾಟನಾ ಪಂದ್ಯವೂ ಒಂದು ಸೆಮಿಫೈನಲ್ಲೂ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಸಂದಿದ್ದವು. ಪಾಕಿಸ್ತಾನ ಅಂತಿಮ ಹಂತಕ್ಕೆ ಬಾರದಿದ್ದರೆ ಫೈನಲ್ ಕೂಡ ಅಲ್ಲಿಯೇ. ಆಗಸ್ಟಿನಲ್ಲಿ ಬೆಂಗಳೂರಿನ ಹೆಸರು ಅಳಿಸಿ ನವಿಮುಂಬಯಿಯ ಹೆಸರು ಬರೆಯಲಾಯಿತು. ಕಾರಣ ಎಲ್ಲರಿಗೂ ಗೊತ್ತಿರುವುದೇ. ಹದಿನೆಂಟು ವರ್ಷ ಕಾದು ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಐಪಿಎಲ್ ಗೆದ್ದ ಮರುದಿನ, ಅಂದರೆ 2025ರ ಜೂನ್ 4ರಂದು, ಆ ಅಂಗಳದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ನಮ್ಮ ಗಚ್ಚಿಯ ಹಬ್ಬ ಬಂದದ್ದು ಅಲ್ಲಿಯ ಸೂತಕದ ಬೆನ್ನಿಗೆ.

ಅಲ್ಲಿಂದ ಮುಂದಕ್ಕೆ ಇನ್ನೊಂದು ಮಾತು ಹುಟ್ಟಿಕೊಂಡಿತು. ಆರ್‌ಸಿಬಿ ತನ್ನ ತವರಿನ ಪಂದ್ಯಗಳನ್ನು ಬೇರೆಡೆ ಆಡಲಿದೆಯಂತೆ. ಮೊದಲು ಪುಣೆಯ ಹೆಸರು, ಆಮೇಲೆ ರಾಯ್‌ಪುರ, ಕೊನೆಗೆ ನಮ್ಮ ನೆರೂಳಿನದೂ ಪತ್ರಿಕೆಗಳಲ್ಲಿ ಸುಳಿದಾಡಿದವು. ಕರ್ನಾಟಕದ ರಾಜಕಾರಣಿಗಳು ಎಚ್ಚೆತ್ತರು. ಡಿಸೆಂಬರ್ ಮೊದಲ ವಾರದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಚುನಾವಣೆಯ ಹೊತ್ತಿಗೆ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ಐಪಿಎಲ್ ಬೆಂಗಳೂರನ್ನು ಬಿಟ್ಟು ಹೋಗಲು ಬಿಡುವುದಿಲ್ಲವೆಂದೂ, ಇದು ರಾಜ್ಯದ ಗೌರವದ ಪ್ರಶ್ನೆಯೆಂದೂ ಹೇಳಿದರು. 2026ರ ಜನವರಿಯಲ್ಲಿ ಸರ್ಕಾರ ಷರತ್ತುಗಳನ್ನು ವಿಧಿಸಿ ಪಂದ್ಯಗಳಿಗೆ ಅನುಮತಿ ಕೊಟ್ಟಿತು.

ಹೊರನಾಡಿನಲ್ಲಿ ಕುಳಿತ ನನ್ನಂಥವನಿಗೆ ಈ ಸುದ್ದಿಗಳು ಎರಡು ಬಗೆಯಲ್ಲಿ ತಟ್ಟುತ್ತವೆ. ಒಪ್ಪಿಕೊಂಡೇ ಬಿಡುತ್ತೇನೆ: ನೆರೂಳಿನ ಹೆಸರು ಕೇಳಿದಾಗ ಮೊದಲು ಆದದ್ದು ಸಂತೋಷ. ಊರಿಗೆ ಹೋಗಲು ರಜೆ ಕೂಡಿಸಿ, ಬಸ್ಸಿನ ಟಿಕೆಟ್ ಹುಡುಕುವ ಜನ ನಾವು. ಊರೇ ಎರಡು ನಿಲ್ದಾಣದ ಅಂತರಕ್ಕೆ ಬಂದರೆ ಬೇಡವೆನ್ನುವವರು ಯಾರು? ಜನವರಿಯಲ್ಲಿ ಮಹಿಳಾ ಪ್ರೀಮಿಯರ್ ಲೀಗಿನ ಮೊದಲ ಪಂದ್ಯಕ್ಕೆ ಆರ್‌ಸಿಬಿಯ ಹೆಣ್ಣುಮಕ್ಕಳು ಇಲ್ಲಿಗೇ ಬಂದಿದ್ದರಲ್ಲ. ಆದರೆ ಆ ಸಂತೋಷ ಹೆಚ್ಚು ಹೊತ್ತು ನಿಲ್ಲಲಿಲ್ಲ. ಒಂದು ಊರು ತನ್ನ ಮನೆಯಂಗಳದಲ್ಲಿ ಜನರನ್ನು ಜೋಪಾನ ಮಾಡಲಾರದೆ ಹೋದದ್ದಕ್ಕೆ ಸಿಗುವ ಪಾಲನ್ನು ಅದೇ ಊರಿನ ಮಕ್ಕಳು ಸಂಭ್ರಮದಿಂದ ಉಣ್ಣಬಹುದೇ?

ಹಾಗೆಂದು ಶಿವಕುಮಾರರ ಮಾತಿಗೆ ಪೂರ್ಣ ಮನಸ್ಸಿನಿಂದ ಚಪ್ಪಾಳೆ ತಟ್ಟಲೂ ನನ್ನಿಂದಾಗದು. ‘ಹೋಗಲು ಬಿಡೆವು’ ಎಂಬುದು ಹೇಳಲು ಅತ್ಯಂತ ಸುಲಭವಾದ ಮಾತು. ಅದಕ್ಕೆ ಖರ್ಚಿಲ್ಲ, ಸಭೆಯಲ್ಲಿ ಶಿಳ್ಳೆ ಖಚಿತ. ಆದರೆ ಆ ತಂಡ ಹೊರಡಲು ಎದ್ದು ನಿಂತದ್ದು ಏಕೆ? ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಅವರ ಆಯೋಗ ಆ ಕ್ರೀಡಾಂಗಣ ಬೃಹತ್ ಜನಸಂದಣಿಯ ಕಾರ್ಯಕ್ರಮಗಳಿಗೆ ತಕ್ಕುದಲ್ಲವೆಂದು ವರದಿ ಕೊಟ್ಟಿತು. ಜನಸಂದಣಿ ನಿಯಂತ್ರಣದ ಮಸೂದೆಯೊಂದನ್ನು ಸರ್ಕಾರ ಆಗಸ್ಟಿನಲ್ಲಿ ಸದನದ ಮುಂದಿಟ್ಟಿತು. ಅದು ಸದನ ಸಮಿತಿಗೆ ಹೋಯಿತು. ಬಾಗಿಲು ಎಷ್ಟು ಅಗಲವಿರಬೇಕು, ಯಾವ ಬೀದಿಯಲ್ಲಿ ಎಷ್ಟು ಜನ ನಿಲ್ಲಬಹುದು, ಆಂಬುಲೆನ್ಸಿಗೆ ದಾರಿ ಯಾವುದು – ಇವು ಗೌರವದ ಪ್ರಶ್ನೆಯಷ್ಟು ಗಟ್ಟಿಯಾಗಿ ಮೊಳಗುವ ಸಂಗತಿಗಳಲ್ಲ. ಆದರೂ ತಂಡ ಉಳಿಯುವುದು, ಅದಕ್ಕಿಂತ ಮಿಗಿಲಾಗಿ ಅದನ್ನು ನೋಡಲು ಬಂದವರ ಜೀವ ಉಳಿಯುವುದು, ಇವುಗಳಿಂದಲೇ.

ರಾಜಕಾರಣಿಗಳು ಆಟದ ವ್ಯವಹಾರಕ್ಕೆ ತಲೆಹಾಕಲೇಬಾರದೆಂದು ವಾದಿಸುವ ಗೆಳೆಯರಿದ್ದಾರೆ. ತಂಡವೆಂದರೆ ಒಂದು ಕಂಪನಿ, ಲಾಭ ಕಂಡಲ್ಲಿಗೆ ಹೋಗುತ್ತದೆ, ನಿಮಗೇಕೆ ಕಣ್ಣೀರು ಎಂದು ಕೇಳುತ್ತಾರೆ. ಈ ವಾದವನ್ನೂ ನಾನು ಒಪ್ಪುವುದಿಲ್ಲ. ಕಂಪನಿ ಖಾಸಗಿಯಾದರೂ ಚಿನ್ನಸ್ವಾಮಿ ಕ್ರೀಡಾಂಗಣ ನಿಂತಿರುವ ನೆಲ ಸರ್ಕಾರ ಗುತ್ತಿಗೆಗೆ ಕೊಟ್ಟದ್ದು. ಕಾವಲಿಗೆ ನಿಲ್ಲುವವರು ಜನರ ತೆರಿಗೆಯಿಂದ ಸಂಬಳ ಪಡೆವ ಪೊಲೀಸರು. ಎಲ್ಲಕ್ಕಿಂತ ಮೊದಲು, ತಂಡ ಹೊತ್ತಿರುವ ಹೆಸರು ಊರಿನದು. ಇಷ್ಟನ್ನು ಎರವಲು ಪಡೆದವರು ಊರಿಗೆ ಏನಾದರೂ ಬದ್ಧರಾಗಿರಬೇಕು. ಆ ಬದ್ಧತೆ ಭಾಷಣದಲ್ಲಿದ್ದರೆ ಸಾಲದು, ಬರಹದಲ್ಲಿರಬೇಕು.

ಬರಹದಲ್ಲಿದ್ದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಒಹಾಯೊ ರಾಜ್ಯದ ಕಥೆಯನ್ನು ನೋಡಬಹುದು. 1995ರಲ್ಲಿ ಅಲ್ಲಿಯ ಕ್ಲೀವ್‌ಲ್ಯಾಂಡ್ ನಗರದ ಬ್ರೌನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಅದರ ಒಡೆಯ ಆರ್ಟ್ ಮೊಡೆಲ್ ಬಾಲ್ಟಿಮೋರಿಗೆ ಒಯ್ಯುವುದಾಗಿ ಸಾರಿದ. ನಗರ ನ್ಯಾಯಾಲಯಕ್ಕೆ ಹೋಗಿ ತಂಡದ ಹೆಸರು, ಬಣ್ಣ, ಚರಿತ್ರೆಗಳನ್ನು ಉಳಿಸಿಕೊಂಡಿತು; ಆಟಗಾರರು ಹೋದರು. ಆ ಪೆಟ್ಟಿನಿಂದ 1996ರಲ್ಲಿ ಒಂದು ಕಾಯ್ದೆ ಬಂತು. ತೆರಿಗೆ ಹಣದ ನೆರವು ಪಡೆದ ಕ್ರೀಡಾಂಗಣದಲ್ಲಿ ಆಡುವ ತಂಡ ಊರು ಬಿಡಬೇಕಾದರೆ ನಗರದ ಒಪ್ಪಿಗೆ ಪಡೆಯಬೇಕು. ಇಲ್ಲವೇ ಆರು ತಿಂಗಳು ಮುಂಚೆ ನೋಟಿಸು ಕೊಟ್ಟು, ತಂಡವನ್ನು ಕೊಳ್ಳಲು ಊರಿನವರಿಗೆ ಅವಕಾಶ ಮಾಡಿಕೊಡಬೇಕು. ಜನ ಅದಕ್ಕೆ ಆ ಒಡೆಯನ ಹೆಸರನ್ನೇ ಇಟ್ಟು ‘ಮೊಡೆಲ್ ಕಾಯ್ದೆ’ ಎಂದು ಕರೆದರು.

ಇಪ್ಪತ್ತು ವರ್ಷಗಳ ಮೇಲೆ ಅದು ಕೆಲಸಕ್ಕೆ ಬಂತು. ಅದೇ ರಾಜ್ಯದ ಕೊಲಂಬಸ್ ನಗರದ ಕ್ರೂ ಎಂಬ ತಂಡ ಆಡುವುದು ನಾವು ಫುಟ್‌ಬಾಲ್ ಎನ್ನುವ ಆಟವನ್ನೇ. ದೊಡ್ಡ ನಗರಗಳ ತಂಡಗಳ ನಡುವೆ ಸಣ್ಣ ಮಾರುಕಟ್ಟೆಯ ತಂಡವದು. 2017ರಲ್ಲಿ ಅದರ ಒಡೆಯ ತಂಡವನ್ನು ಟೆಕ್ಸಾಸಿನ ಆಸ್ಟಿನ್ನಿಗೆ ಸಾಗಿಸುವ ಮಾತೆತ್ತಿದ. ಅಭಿಮಾನಿಗಳು ಬೀದಿಗಿಳಿದರು. ರಾಜ್ಯದ ಅಟಾರ್ನಿ ಜನರಲ್ ಮೈಕ್ ಡಿವೈನ್ 2018ರ ಮಾರ್ಚಿನಲ್ಲಿ ನಗರದೊಂದಿಗೆ ಸೇರಿ ಮೊಡೆಲ್ ಕಾಯ್ದೆಯನ್ನು ಹಿಡಿದು ದಾವೆ ಹೂಡಿದರು. ಮೊಕದ್ದಮೆ ಕೊನೆಯವರೆಗೆ ನಡೆಯಬೇಕಾಗಲಿಲ್ಲ. ಅದು ಗಳಿಸಿಕೊಟ್ಟ ಸಮಯದಲ್ಲಿ ಕೊಳ್ಳುವವರು ಸಿಕ್ಕರು. ಅವರಲ್ಲಿ ಒಬ್ಬರು ಅದೇ ತಂಡದ ಹಿಂದಿನ ವೈದ್ಯರ ಮನೆತನದವರು. 2020ರಲ್ಲಿ ಆ ತಂಡ ತನ್ನ ಲೀಗಿನ ಪ್ರಶಸ್ತಿಯನ್ನೂ ಗೆದ್ದಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. 1999ರಲ್ಲಿ ಮತ್ತೆ ಹುಟ್ಟಿದ ಬ್ರೌನ್ಸ್ ತಂಡದ ಈಗಿನ ಒಡೆಯರು ಕ್ಲೀವ್‌ಲ್ಯಾಂಡಿನ ನಡುವಿನಿಂದ ಹೊರವಲಯದ ಬ್ರೂಕ್ ಪಾರ್ಕಿಗೆ ಹೋಗಬಯಸಿದರು. ನಗರ ಅದೇ ಕಾಯ್ದೆಯನ್ನು ಎತ್ತಿ ಹಿಡಿಯಿತು. 2025ರ ಜೂನಿನಲ್ಲಿ ರಾಜ್ಯದ ಶಾಸನಸಭೆ ಬಜೆಟ್ಟಿನ ಜೊತೆಗೇ ಕಾಯ್ದೆಯನ್ನು ತಿದ್ದಿ, ರಾಜ್ಯವನ್ನೇ ಬಿಟ್ಟು ಹೋಗುವ ತಂಡಗಳಿಗೆ ಮಾತ್ರ ಅದು ಅನ್ವಯವಾಗುವಂತೆ ಮಾಡಿತು. ಹೊಸ ಕ್ರೀಡಾಂಗಣಕ್ಕೆ 60 ಕೋಟಿ ಡಾಲರುಗಳ ನೆರವನ್ನೂ ಕೊಟ್ಟಿತು. ಅದಕ್ಕೆ ಸಹಿ ಹಾಕಿದ ರಾಜ್ಯಪಾಲರು ಅದೇ ಮೈಕ್ ಡಿವೈನ್. ಒಂದು ತಂಡವನ್ನು ಉಳಿಸಿದ ಕೈಯೇ ಉಳಿಸುವ ಆಯುಧವನ್ನು ಮೊಂಡು ಮಾಡಿತು. ಕಾಯ್ದೆ ಬೇಕು, ಅದನ್ನು ಕಾಯುವ ಜನರೂ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮ್ಮಲ್ಲಿ ಅಂಥ ಬರಹವಿಲ್ಲದಾಗ ಏನಾಗುತ್ತದೆಂಬುದಕ್ಕೂ ಉದಾಹರಣೆ ದೂರವಿಲ್ಲ. 2019ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದ ಬೆಂಗಳೂರು ಎಫ್‌ಸಿ ಅದೇ ವರ್ಷ ತವರಿನ ಪಂದ್ಯಗಳನ್ನು ಪುಣೆಯ ಬಾಲೇವಾಡಿಗೆ ಒಯ್ಯುವ ಸಿದ್ಧತೆ ನಡೆಸಿತ್ತು. ಸರ್ಕಾರದ ಕಂಠೀರವ ಕ್ರೀಡಾಂಗಣ ಅದಕ್ಕೆ ದೊರೆಯುವುದು ಅನುಮಾನವಾಗಿತ್ತು. ಕೊನೆಗಳಿಗೆಯಲ್ಲಿ ಅನುಮತಿ ಸಿಕ್ಕಿ ತಂಡ ಉಳಿಯಿತು. ಆದರೆ ಅಲ್ಲಿ ಇನ್ನೊಂದು ಪಕ್ಷವೂ ಇತ್ತೆಂಬುದನ್ನು ಮರೆಯಲಾಗದು. ಫುಟ್‌ಬಾಲಿನಿಂದಾಗಿ ತಮಗೆ ಓಡುವ ಟ್ರ್ಯಾಕ್ ಸಿಗುತ್ತಿಲ್ಲವೆಂದು ಅಥ್ಲೀಟುಗಳೂ ಅವರ ತರಬೇತುದಾರರೂ ದೂರಿದ್ದರು. ಅವರ ದೂರು ಸುಳ್ಳಲ್ಲ. ಗೆದ್ದ ತಂಡವನ್ನು ಉಳಿಸಿಕೊಳ್ಳುವ ಭರದಲ್ಲಿ ಬೆಳಗಿನ ಆರು ಗಂಟೆಗೆ ಬರಿಗಾಲಲ್ಲಿ ಓಡಲು ಬರುವ ಹುಡುಗಿಯ ಹಕ್ಕು ಕಾಣದೆ ಹೋಗಬಾರದು. ಒಂದೇ ಅಂಗಳಕ್ಕೆ ಇಬ್ಬರು ಹಕ್ಕುದಾರರಿದ್ದರೆ ಯಾರಿಗೆ ಯಾವ ಹೊತ್ತು ಎಂದು ಮೊದಲೇ ಗೊತ್ತುಮಾಡುವುದು ಸರ್ಕಾರದ ಕೆಲಸ. ಋತು ಆರಂಭವಾಗುವ ಮುನ್ನಾದಿನ ಒಬ್ಬರನ್ನು ಸಂತೈಸಿ ಇನ್ನೊಬ್ಬರನ್ನು ಹೊರಗಟ್ಟುವುದಲ್ಲ.

ಇನ್ನು, ಯಾರೂ ‘ಹೋಗಲು ಬಿಡೆವು’ ಎನ್ನದ ತಂಡಗಳ ಮಾತು. ತುರ್ಭೆಯ ಮಾರುಕಟ್ಟೆಯಲ್ಲಿ ಮೂಟೆ ಹೊರುವ, ಕಲಬುರಗಿ ಕಡೆಯ ಹಿರಿಯರೊಬ್ಬರ ಪರಿಚಯ ನನಗಿದೆ. ಕ್ರಿಕೆಟ್ ಎಂದರೆ ಅವರಿಗೆ ಪ್ರಾಣ. ಕಳೆದ ಆಗಸ್ಟಿನಲ್ಲಿ ಚಹಾದ ಗಾಡಿಯ ಬಳಿ ಮೊಬೈಲಿನಲ್ಲಿ ಮಹಾರಾಜ ಟ್ರೋಫಿಯ ಪಂದ್ಯ ನೋಡುತ್ತಿದ್ದವರು ಕೇಳಿದರು: “ಸರ್ರ, ನಮ್ಮ ಗುಲಬರ್ಗಾ ಟೀಮಿಂದು ಮ್ಯಾಚ್ ಎಲ್ಲಿ ಆಗ್ಲಿಕತ್ತದ್ರಿ?”

“ಮೈಸೂರಿನಲ್ಲಿ ಕಾಕಾ. ಬೆಂಗಳೂರಿನಲ್ಲಿ ಅನುಮತಿ ಸಿಗಲಿಲ್ಲವಂತೆ.”

“ಹಂಗಾದ್ರ ಅದೂ ನಮ್ಮಂಗೇ ಊರ ಬಿಟ್ಟು ದುಡೀಲಿಕ್ಕ ಹೋಗ್ಯದ ಅನ್ರಿ” ಎಂದು ನಕ್ಕರು.

ಆ ನಗೆ ನನ್ನನ್ನು ಬಹಳ ದಿನ ಕಾಡಿತು. ಗುಲ್ಬರ್ಗಾ ಮಿಸ್ಟಿಕ್ಸ್ 2022ರಲ್ಲಿ ಮೊದಲ ಮಹಾರಾಜ ಟ್ರೋಫಿಯನ್ನೇ ಗೆದ್ದ ತಂಡ. ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗದ ಹೆಸರು ಹೊತ್ತ ತಂಡಗಳೂ ಆ ಪಂದ್ಯಾವಳಿಯಲ್ಲಿವೆ. ಆಟ ನಡೆಯುವುದು ಮಾತ್ರ ಬೆಂಗಳೂರಿನಲ್ಲಿ ಅಥವಾ ಮೈಸೂರಿನಲ್ಲಿ. ಹೊರಟು ಹೋಗುವ ಮಾತು ಹಾಗಿರಲಿ, ಊರಿಗೆ ಬಂದೇ ಇಲ್ಲದ ತಂಡಗಳಿವು. ಆರ್‌ಸಿಬಿ ಹೊರಟರೆ ನಾಡಿನ ಗೌರವ ಹೋಗುತ್ತದೆಂದಾದರೆ, ಕಲಬುರಗಿಯ ಹುಡುಗ ತನ್ನ ಊರಿನ ಹೆಸರಿನ ತಂಡವನ್ನು ತನ್ನ ಊರಿನಲ್ಲಿ ನೋಡಲಾಗದಿರುವುದು ಯಾವ ಗೌರವ? ದೊಡ್ಡದನ್ನು ಹಿಡಿದಿಟ್ಟುಕೊಳ್ಳುವ ಹಟದಲ್ಲಿ ಒಂದು ಪಾಲು ಸಣ್ಣದನ್ನು ಬೆಳೆಸುವುದರತ್ತ ಹರಿದರೆ ಒಂದೇ ಅಂಗಳದ ಬಾಗಿಲಲ್ಲಿ ಇಡೀ ನಾಡು ಮುಗಿಬೀಳುವ ಸ್ಥಿತಿಯೂ ಸ್ವಲ್ಪ ತಗ್ಗೀತು.

ತುರ್ಭೆಯಲ್ಲಿ ಕುಳಿತು ಇದನ್ನು ಬರೆಯುವುದಕ್ಕೆ ಒಂದು ಅರ್ಥವಿದೆ. ಆ ಹಿರಿಯರು ಮೂಟೆ ಹೊರುವ ಕೃಷಿ ಉತ್ಪನ್ನ ಮಾರುಕಟ್ಟೆಯೇ ಸ್ಥಳಾಂತರಗೊಂಡು ಬಂದದ್ದು. ದಕ್ಷಿಣ ಮುಂಬಯಿಯ ಇಕ್ಕಟ್ಟಾದ ಗಲ್ಲಿಗಳಲ್ಲಿದ್ದ ಸಗಟು ವ್ಯಾಪಾರವನ್ನು 1980ರ ದಶಕದಿಂದ ಹಂತಹಂತವಾಗಿ ಇತ್ತ ತರಲಾಯಿತು. ಬರಲೊಪ್ಪದ ವ್ಯಾಪಾರಿಗಳಿದ್ದರು. ಭಾಷಣದಿಂದ ಅವರು ಬರಲಿಲ್ಲ. ಗಾಳಗಳನ್ನು ಕಟ್ಟಿ, ಲಾರಿಗಳಿಗೆ ಅಗಲವಾದ ದಾರಿ ಮಾಡಿ, ಮಾಥಾಡಿ ಕಾರ್ಮಿಕರಿಗೆ ಕೋಪರ್‌ಖೈರಣೆ, ಘಣಸೋಲಿಗಳಲ್ಲಿ ಮನೆಗಳನ್ನು ಎಬ್ಬಿಸಿದ ಮೇಲೆ ಮಾರುಕಟ್ಟೆ ಇಲ್ಲಿ ಬೇರುಬಿಟ್ಟಿತು. ಇಂದು ಬ್ಯಾಡಗಿಯ ಮೆಣಸಿನಕಾಯಿಯ ಘಾಟು ಇಲ್ಲಿಯ ಮಸಾಲೆ ಪೇಟೆಯಲ್ಲಿ ಮೂಗಿಗೆ ಬಡಿಯುತ್ತದೆ. ಒಂದು ಸಂಸ್ಥೆಯನ್ನು ಕದಲಿಸಲಿಕ್ಕೆ ಇಷ್ಟು ಕೆಲಸ ಬೇಕಾಗುವುದಾದರೆ, ಇದ್ದಲ್ಲಿ ಉಳಿಸಿಕೊಳ್ಳಲಿಕ್ಕೂ ಇಷ್ಟೇ ಕೆಲಸ ಬೇಕು.

ಆದ್ದರಿಂದ ಬೆಂಗಳೂರಿನ ಅಧಿಕಾರಸ್ಥರಲ್ಲಿ ನಮ್ಮ ಕೋರಿಕೆ ಇಷ್ಟೆ. ಅನುಮತಿಗೆ ವಿಧಿಸಿದ ಷರತ್ತುಗಳು ಜನರಿಗೆ ಕಾಣುವಂತಿರಲಿ. ಪ್ರತಿ ಋತುವಿಗೂ ಮೊದಲು ಅವುಗಳ ತಪಾಸಣೆ ನಡೆದು ಫಲಿತಾಂಶ ಬಹಿರಂಗವಾಗಲಿ. ಸರ್ಕಾರಿ ನೆಲದಲ್ಲಿ ಆಡುವ ಯಾವ ತಂಡವೇ ಆಗಲಿ, ಹೊರಡುವುದಾದರೆ ಮುಂಚಿತವಾಗಿ ತಿಳಿಸಬೇಕೆಂಬ ನಿಯಮ ಗುತ್ತಿಗೆ ಪತ್ರದಲ್ಲೇ ಸೇರಲಿ. ಆರ್‌ಸಿಬಿಯಲ್ಲಿನ ತನ್ನ ಹೂಡಿಕೆಯನ್ನು ಮರುಪರಿಶೀಲಿಸುವುದಾಗಿ ಅದರ ಒಡೆತನದ ಕಂಪನಿ 2025ರ ನವೆಂಬರಿನಲ್ಲಿ ಪ್ರಕಟಿಸಿದಾಗಲೇ ಈ ಮಾತು ಏಳಬೇಕಿತ್ತು. ಜಿಲ್ಲೆಗಳ ಹೆಸರಿನ ತಂಡಗಳು ವರ್ಷಕ್ಕೆ ಒಂದೆರಡು ಪಂದ್ಯಗಳನ್ನಾದರೂ ಆ ಜಿಲ್ಲೆಗಳಲ್ಲಿ ಆಡಲಿ.

ಹೊರನಾಡಿನವರಾದ ನಮ್ಮ ಪಾಲಿನದೂ ಒಂದಿದೆ. ನೆರೂಳಿಗೆ ಆ ಕೆಂಪು ಅಂಗಿಯ ತಂಡ ಅತಿಥಿಯಾಗಿ ಬಂದರೆ ಗಂಟಲು ಹರಿಯುವಂತೆ ಕೂಗೋಣ. ತವರು ಕಳೆದುಕೊಂಡ ತಂಡವಾಗಿ ಬರಲೆಂದು ಮಾತ್ರ ಹಾರೈಸುವುದು ಬೇಡ. ಊರು ಬಿಟ್ಟು ಬಂದವರಿಗೆ ಊರು ಅಲ್ಲಿಯೇ ಇರಬೇಕೆಂಬ ಆಸೆ ಉಳಿದವರಿಗಿಂತ ಹೆಚ್ಚು. ನಾವು ಮರಳಿ ಹೋದಾಗ ತೆರೆಯಬೇಕಾದ ಬಾಗಿಲು ಅದು. ಆ ಬಾಗಿಲಲ್ಲಿ ಇನ್ನೆಂದೂ ಯಾರ ಮಕ್ಕಳೂ ತುಳಿತಕ್ಕೆ ಸಿಗದಂತೆ ನೋಡಿಕೊಂಡ ಮೇಲೆ ‘ಹೋಗಲು ಬಿಡೆವು’ ಎನ್ನಲಿ. ಆಗ ನಾವೂ ಇಲ್ಲಿಂದ ದನಿಗೂಡಿಸುತ್ತೇವೆ.