ಕೆರೆಗೆ ಬಂದ ‘ವ್ಯಾಲಿ ನೀರು’: ಟಿಡಿಎಸ್ ಮೀಟರ್ ಹೇಳುವುದೇನು, ಹೇಳದೇ ಬಿಡುವುದೇನು?

ಇಂಥ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ತುಂಬಿದ ಕೆರೆ, ದಡದಲ್ಲಿ ಒಬ್ಬರು, ಕೈಯಲ್ಲಿ ಪೆನ್ನಿನಂಥ ಮೀಟರ್. ನೀರಿಗೆ ಅದ್ದುತ್ತಾರೆ, ಒಂದು ಸಂಖ್ಯೆ ಮೂಡುತ್ತದೆ. “ನೋಡಿ, ನಮ್ಮ ಬೋರ್‌ವೆಲ್ ನೀರಿಗಿಂತ ಕಡಿಮೆ, ಶುದ್ಧ ನೀರು” ಎನ್ನುತ್ತದೆ ಒಂದು ಫಾರ್ವರ್ಡ್. ಇನ್ನೊಂದರಲ್ಲಿ ಅದೇ ಮೀಟರ್, ಬೇರೆ ಕೆರೆ. “ಇದು ವಿಷ, ಎಲ್ಲರಿಗೂ ಶೇರ್ ಮಾಡಿ!” ಮುರುಗಮಲ್ಲದಲ್ಲಿ ಟೊಮೇಟೊ ಬೆಳೆಯುವ ನಮ್ಮ ದೊಡ್ಡಮ್ಮ ಎರಡನ್ನೂ ನನಗೆ ಕಳಿಸಿ, “ಯಾವುದು ನಿಜ ಹೇಳಮ್ಮ, ದನಕ್ಕೆ ಕುಡಿಸಬಹುದಾ?” ಎಂದು ಕೇಳಿದ್ದರು. ಎರಡು ವಿಡಿಯೊದಿಂದಲೂ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಮೊದಲು ಈ ನೀರು ಎಲ್ಲಿಂದ ಬರುತ್ತದೆ ನೋಡೋಣ. ಬೆಂಗಳೂರಿನ ಮನೆಗಳ ಒಳಚರಂಡಿ ನೀರನ್ನು ಅಲ್ಲೇ ಎರಡನೇ ಹಂತದವರೆಗೆ ಶುದ್ಧೀಕರಿಸಿ, ಪೈಪಿನಲ್ಲಿ ನಮ್ಮ ಬಯಲುಸೀಮೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೆ.ಸಿ. ವ್ಯಾಲಿ ಯೋಜನೆಯ ಸಾಮರ್ಥ್ಯ ದಿನಕ್ಕೆ 44 ಕೋಟಿ ಲೀಟರ್. ಕೋಲಾರ ಜಿಲ್ಲೆಯ ಕೆರೆಗಳ ಜೊತೆ ನಮ್ಮ ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳೂ ಅದರ ಪಟ್ಟಿಯಲ್ಲಿವೆ. ಹೆಬ್ಬಾಳ–ನಾಗವಾರ ಕಣಿವೆಯ ಎಚ್.ಎನ್. ವ್ಯಾಲಿ ಯೋಜನೆ ದಿನಕ್ಕೆ 21 ಕೋಟಿ ಲೀಟರ್‌ನದು. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಮತ್ತು ನಗರ ಜಿಲ್ಲೆಗಳ 65 ಕೆರೆಗಳು ಅದರ ಗುರಿ. ಎರಡರ ಉದ್ದೇಶವೂ ಅಂತರ್ಜಲ ಮರುಪೂರಣ. ಅಂದರೆ ನೀರು ಕೆರೆಯಲ್ಲಿ ನಿಂತು, ಮಣ್ಣಿನಲ್ಲಿ ಇಂಗಿ, ಬೋರ್‌ವೆಲ್ ಮೂಲಕ ನಮಗೆ ಸಿಗಬೇಕು. ಕೆರೆಗೇ ಪಂಪ್ ಇಟ್ಟು ನೇರವಾಗಿ ಎತ್ತುವುದಕ್ಕೆ ಅನುಮತಿ ಇಲ್ಲ. ಎಷ್ಟೋ ಫಾರ್ವರ್ಡ್‌ಗಳಲ್ಲಿ ಈ ಮಾತೇ ಇರುವುದಿಲ್ಲ.

ಮೀಟರಿಗೆ ಕಾಣದ ಸಂಗತಿಗಳು

ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಒಟ್ಟು ಲವಣಗಳ ಅಳತೆ. ಪೆನ್ ಮೀಟರ್ ಅದನ್ನೂ ನೇರವಾಗಿ ಅಳೆಯುವುದಿಲ್ಲ. ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡಿ ಅಂದಾಜು ಮಾಡುತ್ತದೆ. ಒಂದು ಬಕೆಟ್ ಬೋರ್‌ವೆಲ್ ನೀರಿಗೆ ಒಂದು ಲೋಟ ಚರಂಡಿ ನೀರು ಸುರಿಯಿರಿ, ಮೀಟರ್ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕಾಲರಾ, ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇದ್ದರೂ ಅದಕ್ಕೆ ಕಾಣದು. ನಮ್ಮ ಭಾಗದ ಹಳೆಯ ಶತ್ರು ಫ್ಲೋರೈಡ್ ಕೂಡ ಕಾಣದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರ ತನಕ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ನೂರಾರು ಮಿಲಿಗ್ರಾಂ ಲವಣದ ನಡುವೆ ಆ ಒಂದೂವರೆಯನ್ನು ಮೀಟರ್ ಹೇಗೆ ಬೇರ್ಪಡಿಸೀತು? ಆರ್‌ಒ ಮಾರುವವರು ಈ ಪೆನ್ನನ್ನು ಮನೆಮನೆಗೆ ತಲುಪಿಸಿದ್ದಾರೆ, ಅದರಿಂದ ಅದಕ್ಕೆ ಸಿಗಬಾರದ ಮರ್ಯಾದೆ ಸಿಕ್ಕಿದೆ.

ಹಾಗಾದರೆ ನಿಜವಾಗಿ ಅಳೆಯಬೇಕಾದ್ದು ಏನನ್ನು? ಸಂಸ್ಕರಣಾ ಘಟಕದಿಂದ ಹೊರಬರುವ ನೀರಿಗೆ ಕೇಂದ್ರ ಪರಿಸರ ಸಚಿವಾಲಯ 2017ರಲ್ಲಿ ಮಿತಿಗಳನ್ನು ಹಾಕಿತು. ಅದರಲ್ಲಿ ಮುಖ್ಯವಾದದ್ದು ಬಿಒಡಿ. ನೀರಿನಲ್ಲಿ ಉಳಿದಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ ಅದು. ಕಚ್ಚಾ ಚರಂಡಿ ನೀರಿನಲ್ಲಿ ಇದು ಸಾಮಾನ್ಯವಾಗಿ ಲೀಟರಿಗೆ 200–300 ಮಿಲಿಗ್ರಾಂ. ಸಂಸ್ಕರಿಸಿದ ಮೇಲೆ ಮಹಾನಗರಗಳಲ್ಲಿ 20, ಉಳಿದೆಡೆ 30 ಮೀರಬಾರದು. ಮಲದ ಬ್ಯಾಕ್ಟೀರಿಯಾ ಸೂಚಿಸುವ ಫೀಕಲ್ ಕೋಲಿಫಾರ್ಮ್ 100 ಮಿಲಿಲೀಟರಿಗೆ 1000ದ ಒಳಗಿರಬೇಕು. ಬಿಒಡಿ ನೋಡಲು ನೀರನ್ನು 27 ಡಿಗ್ರಿಯಲ್ಲಿ ಮೂರು ದಿನ ಕತ್ತಲಲ್ಲಿ ಇಡಬೇಕು. ಆದ್ದರಿಂದ ಕೆರೆ ದಡದಲ್ಲಿ ನಿಂತು ಲೈವ್ ಮಾಡಿ ಫಲಿತಾಂಶ ಹೇಳುವುದು ಯಾರಿಂದಲೂ ಆಗದ ಕೆಲಸ.

2017ರ ಆ ಪಟ್ಟಿಯಲ್ಲಿ ಸಾರಜನಕ, ರಂಜಕಗಳಿಗೆ ಮಿತಿಯೇ ಇರಲಿಲ್ಲ. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಿಒಡಿ 10, ಒಟ್ಟು ಸಾರಜನಕ 10, ರಂಜಕ 1 ಎಂದು ಬಿಗಿ ಮಾಡಲು ಹೇಳಿತು. ಎರಡನೇ ಹಂತದ ಮಾಮೂಲಿ ಶುದ್ಧೀಕರಣದಲ್ಲಿ ಇವೆರಡು ಪೂರ್ತಿ ಹೋಗುವುದಿಲ್ಲ. ಆಂಜನೇಯ ರೆಡ್ಡಿ ಅವರ ಮುಂದಾಳತ್ವದ ಶಾಶ್ವತ ನೀರಾವರಿ ಹೋರಾಟ ಸಮಿತಿ ‘ಮೂರನೇ ಹಂತ ಬೇಕೇ ಬೇಕು’ ಎಂದು ವರ್ಷಗಳಿಂದ ಪಟ್ಟು ಹಿಡಿದಿರುವುದರ ಹಿಂದೆ ಈ ವಿಜ್ಞಾನವೂ ಇದೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಮೊದಲು ತಲುಪಿದ ಲಕ್ಷ್ಮೀಸಾಗರ ಕೆರೆಯಲ್ಲಿ ಮರುತಿಂಗಳೇ ನೊರೆ ಕಾಣಿಸಿಕೊಂಡು, ಹೈಕೋರ್ಟ್ ನೀರು ಹರಿಸುವುದನ್ನು ತಡೆಹಿಡಿದಿತ್ತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್‌ನಿಂದಲೂ ತಡೆ ಬಂತು. ಆಮೇಲೆ ಅವು ತೆರವಾಗಿ ನೀರು ಹರಿಯುತ್ತಿದೆ. ಮೂರನೇ ಹಂತದ ಬೇಡಿಕೆ ನ್ಯಾಯವಾದದ್ದು ಎಂದೇ ನನ್ನ ಅನಿಸಿಕೆ. ಆದರೆ ಅದಕ್ಕೆ ಟಿಡಿಎಸ್ ವಿಡಿಯೊ ಸಾಕ್ಷಿಯಾಗದು.

ಮೀನು ಸಾಯುವುದು ನಸುಕಿನಲ್ಲಿ

ಮಂಗಳೂರಿನ ಕಡೆ ಕಾರ್ಖಾನೆಗಳ ಸಂಸ್ಕರಿಸಿದ ನೀರನ್ನು ಪೈಪಿನಲ್ಲಿ ಕಡಲೊಳಗೆ ಬಿಡುತ್ತಾರೆ. ಅಲೆ, ಪ್ರವಾಹಗಳು ಅದನ್ನು ಚದುರಿಸುತ್ತವೆ. ಹೀಗಾಗಿ ಅಲ್ಲಿ ಪೈಪಿನ ಬಾಯಿಯಿಂದ ಬೇರೆಬೇರೆ ದೂರದಲ್ಲಿ ಮಾದರಿ ತೆಗೆದು ಹೋಲಿಸುತ್ತಾರೆ. ನಮ್ಮ ಕೆರೆಗೆ ಆ ಸೌಕರ್ಯವಿಲ್ಲ. ಬಿಸಿಲಿಗೆ ನೀರು ಆವಿಯಾಗುತ್ತದೆ, ಅದರಲ್ಲಿದ್ದ ಲವಣ, ರಂಜಕ ಅಲ್ಲೇ ಉಳಿದು ದಪ್ಪವಾಗುತ್ತವೆ. ಲೋಹಗಳಿದ್ದರೆ ಅವು ಹೆಚ್ಚಾಗಿ ಹೂಳಿಗೆ ಅಂಟಿಕೊಳ್ಳುತ್ತವೆ. ಮೇಲಿನ ನೀರನ್ನಷ್ಟೇ ಪರೀಕ್ಷಿಸಿದರೆ ‘ಲೋಹ ಇಲ್ಲ’ ಎಂದು ವರದಿ ಬರಬಹುದು, ಹೂಳು ಬೇರೆ ಕಥೆ ಹೇಳಬಹುದು.

ಸಮಯವೂ ಮುಖ್ಯ. ರಂಜಕ, ಸಾರಜನಕ ಉಂಡ ಪಾಚಿಯಿಂದ ಕೆರೆ ಹಸಿರಾಗುತ್ತದೆ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಉಸಿರಾಡಿ ಆಮ್ಲಜನಕ ಖಾಲಿ ಮಾಡುತ್ತದೆ. ಇಂಥ ಕೆರೆಗಳಲ್ಲಿ ಮೀನುಗಳು ಸಾಯುವುದು ಹೆಚ್ಚಾಗಿ ನಸುಕಿನಲ್ಲಿ. ಬೆಳಿಗ್ಗೆ ಹನ್ನೊಂದಕ್ಕೆ ಜೀಪಿನಲ್ಲಿ ಬಂದು ತೆಗೆದ ಮಾದರಿಯಲ್ಲಿ ಆಮ್ಲಜನಕ ಭರ್ಜರಿಯಾಗಿರುತ್ತದೆ! ಯಾರೂ ಸುಳ್ಳು ಹೇಳಿರುವುದಿಲ್ಲ, ಗಡಿಯಾರ ಬೇರೆ ಅಷ್ಟೇ. ಜಾಗವೂ ಹಾಗೆಯೇ. ಕೆರೆಯಿಂದ ಕೆರೆಗೆ ಕೋಡಿ ಹರಿಯುವಾಗ ಕೊಳೆ ತಳಕ್ಕೆ ಇಳಿಯುತ್ತದೆ, ಬಿಸಿಲಿಗೆ ಒಂದಷ್ಟು ಬ್ಯಾಕ್ಟೀರಿಯಾ ಸಾಯುತ್ತವೆ. ಸರಪಳಿಯ ಮೊದಲ ಕೆರೆಯ ವಿಡಿಯೊ ಕೊನೆಯ ಕೆರೆಗೆ ಅನ್ವಯಿಸದು, ಕೊನೆಯದು ಮೊದಲಿನದಕ್ಕೂ ಅನ್ವಯಿಸದು.

‘ಇ’ ದರ್ಜೆ ಅಂದರೆ?

ಕೆರೆ ನೀರಿಗೆ ಎ ಯಿಂದ ಇ ವರೆಗೆ ದರ್ಜೆ ಕೊಡುವ ಪದ್ಧತಿ ಇದೆ. ಎ ಎಂದರೆ ಸೋಂಕು ಕಳೆದರೆ ಕುಡಿಯಬಹುದಾದ ನೀರು, ಬಿ ಸ್ನಾನಕ್ಕೆ, ಡಿ ಮೀನು ಮತ್ತು ವನ್ಯಜೀವಿಗಳಿಗೆ, ಇ ನೀರಾವರಿಗೆ. ‘ಇ ದರ್ಜೆ, ಅಂದರೆ ವಿಷ’ ಎಂಬ ಫಾರ್ವರ್ಡ್ ತಪ್ಪು. ‘ಸರ್ಕಾರವೇ ಕೃಷಿಗೆ ಯೋಗ್ಯ ಎಂದಿದೆ, ಭಯ ಬೇಡ’ ಎಂಬುದೂ ಅರ್ಧ ಮಾತ್ರ ಸರಿ. ಇ ದರ್ಜೆಗೆ ನೋಡುವುದು ಪಿಎಚ್, ಲವಣಾಂಶ, ಸೋಡಿಯಂ ಪ್ರಮಾಣ, ಬೋರಾನ್ ಇಷ್ಟನ್ನೇ. ಬ್ಯಾಕ್ಟೀರಿಯಾ ಅದರ ಪಟ್ಟಿಯಲ್ಲೇ ಇಲ್ಲ. ಬೆಳೆಗೆ ತೊಂದರೆಯಾಗದ ನೀರು ಹಸಿಯಾಗಿ ತಿನ್ನುವ ಕೊತ್ತಂಬರಿ ಸೊಪ್ಪಿನ ಮೇಲೆ ಬಿದ್ದರೆ ತಿನ್ನುವವರಿಗೆ ತೊಂದರೆಯಾಗಬಹುದು.

ಸಿಂಗಪುರದವರು ಇದನ್ನೇ ಕುಡಿಯುತ್ತಾರಂತೆ? ಅಲ್ಲಿ 2003ರಿಂದ ‘ನ್ಯೂವಾಟರ್’ ಇರುವುದು ನಿಜ. ಆದರೆ ಎರಡನೇ ಹಂತ ಮುಗಿದ ನೀರು ಅಲ್ಲಿ ಸೂಕ್ಷ್ಮ ಪೊರೆ, ಆರ್‌ಒ, ಅತಿನೇರಳೆ ಬೆಳಕು ಮೂರನ್ನೂ ದಾಟುತ್ತದೆ. ನಮ್ಮ ಯೋಜನೆಗೆ ಇನ್ನೂ ಹತ್ತಿರದ್ದು ಇಸ್ರೇಲಿನ ಶಾಫ್ದಾನ್. ಟೆಲ್ ಅವೀವ್ ಬಳಿ ಸಂಸ್ಕರಿಸಿದ ನೀರನ್ನು ಮರಳಿನಲ್ಲಿ ಇಂಗಿಸಿ, ಮತ್ತೆ ಎತ್ತಿ ಕೃಷಿಗೆ ಕೊಡುತ್ತಾರೆ. ಅಲ್ಲಿರುವುದು ದಪ್ಪ ಮರಳು, ಒಳ್ಳೆಯ ಸೋಸುಕ. ನಮ್ಮದು ಗಟ್ಟಿ ಬಂಡೆ. ಮೇಲಿನ ಮಣ್ಣು ಸೋಸುತ್ತದೆ, ಆದರೆ ಬಂಡೆಯ ಬಿರುಕು ಸಿಕ್ಕರೆ ನೀರು ಸರಸರನೆ ಇಳಿಯುತ್ತದೆ.

ಅಂತರ್ಜಲ ಏರಿಲ್ಲವೇ? ಏರಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕೋಲಾರದಲ್ಲಿ ಅದನ್ನು ದಾಖಲಿಸಿದ್ದಾರೆ, ಬತ್ತಿದ ಬೋರ್‌ವೆಲ್ ಮತ್ತೆ ಬಂದ ರೈತನಿಗೆ ಇದು ಸಣ್ಣ ವಿಷಯವಲ್ಲ. 2021ರ ಭಾರಿ ಮಳೆಯ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜೊತೆಗೆ, ನೀರು ಮೇಲೆ ಬಂದಿತು ಎಂಬುದರಿಂದ ನೀರು ಚೆನ್ನಾಗಿದೆ ಎಂದು ಗೊತ್ತಾಗುವುದಿಲ್ಲ. ಹೊಸ ನೀರು ಬೆರೆತು ಫ್ಲೋರೈಡ್ ಇಳಿಯಬಹುದು. ಅದೇ ಹೊತ್ತಿಗೆ ಚರಂಡಿ ನೀರಿನ ಅಮೋನಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗಿ ಕೆಳಗಿಳಿಯಬಹುದು. ಕುಡಿಯುವ ನೀರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು, ಹಸುಗೂಸುಗಳಿಗೆ ಅದು ಅಪಾಯ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ನೈಟ್ರೇಟ್ ಮಾತ್ರ ಹೋಗುವುದಿಲ್ಲ.

ಆದರೆ ನೈಟ್ರೇಟ್ ಯೂರಿಯಾದಿಂದಲೂ ಬರುತ್ತದೆ, ಶೌಚದ ಗುಂಡಿಯಿಂದಲೂ ಬರುತ್ತದೆ. ನಾಳೆ ನಿಮ್ಮ ಬೋರ್‌ವೆಲ್‌ನಲ್ಲಿ 60 ಸಿಕ್ಕರೆ ಅದು ವ್ಯಾಲಿ ನೀರಿನದೋ ಅಲ್ಲವೋ ಎಂದು ಹೇಳಲು, ಮೊದಲು ಎಷ್ಟಿತ್ತು ಎಂಬುದು ಗೊತ್ತಿರಬೇಕು. ಹೀಗಾಗಿ ಪಕ್ಕದ ಕೆರೆಗೆ ಈ ನೀರು ಇನ್ನೂ ಬಾರದಿರುವ ಊರುಗಳಿಗೆ ಈಗಲೇ ಒಂದು ಅವಕಾಶವಿದೆ. ಕುಡಿಯುವ ನೀರಿನ ಬೋರ್‌ವೆಲ್‌ನ ಫ್ಲೋರೈಡ್, ನೈಟ್ರೇಟ್, ಕೋಲಿಫಾರ್ಮ್ ಪರೀಕ್ಷೆ ಮಾಡಿಸಿ, ದಿನಾಂಕದ ಸಮೇತ ವರದಿ ಇಟ್ಟುಕೊಳ್ಳುವುದು. ಜಲಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷಾ ಕಿಟ್ ಕೊಡಲಾಗಿದೆ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳೂ ಇವೆ. ಬ್ಯಾಕ್ಟೀರಿಯಾ ಪರೀಕ್ಷೆಗೆ ಹಳೆಯ ಕೂಲ್‌ಡ್ರಿಂಕ್ ಬಾಟಲಿ ನಡೆಯದು. ಪ್ರಯೋಗಾಲಯದಿಂದ ಶುದ್ಧೀಕರಿಸಿದ ಬಾಟಲಿಯನ್ನೇ ತನ್ನಿ, ಬಾಯಿಗೆ ಬೆರಳು ತಾಗಿಸಬೇಡಿ, ಐಸ್ ಜೊತೆ ಇಟ್ಟು ಅದೇ ದಿನ ತಲುಪಿಸಿ.

ದೊಡ್ಡಮ್ಮನಿಗೆ ನಾನು ಹೇಳಿದ್ದು ಇಷ್ಟು: ದನಕ್ಕೆ ಕೆರೆಯದು ಬೇಡ, ತೊಟ್ಟಿಯ ನೀರೇ ಇರಲಿ. ಮೀಟರ್ ಕೊಳ್ಳುವ ದುಡ್ಡನ್ನು ನೈಟ್ರೇಟ್ ಪರೀಕ್ಷೆಗೆ ಇಡಿ. “ರಿಪೋರ್ಟ್ ಬಂದ ಮೇಲೆ ಗ್ರೂಪಿಗೆ ಹಾಕ್ತೀನಿ ಬಿಡು” ಎಂದರು.