ಸೈಟು ನಿಮ್ಮ ಹೆಸರಿಗೆ, ಫೈಲು ಯಾರ ಕೈಲಿ?

ಮೆಟ್ರೋ ಬಂದ ಮೇಲೆ ಗರುಡಾಚಾರ್‌ಪಾಳ್ಯದ ಹೆಂಗಸರ ಮಾತುಕತೆಯೇ ಬದಲಾಗಿದೆ. 2023ರ ಮಾರ್ಚ್‌ನಲ್ಲಿ ಕೆ.ಆರ್.ಪುರ–ವೈಟ್‌ಫೀಲ್ಡ್ ಮಾರ್ಗ ಶುರುವಾಯಿತು, ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯ ಕೊಂಡಿಯೂ ಸೇರಿತು. ಆಮೇಲಿಂದ ತರಕಾರಿ ಗಾಡಿ ಹತ್ತಿರವೂ ಚದರಡಿ ರೇಟಿನದೇ ಸುದ್ದಿ! ಚೀಟಿ ದುಡ್ಡು ಎತ್ತಿದವರು, ತವರಿನ ಪಾಲು ಸಿಕ್ಕವರು, ಎಲ್ಲರೂ ಕೇಳೋದು ಒಂದೇ: 'ಒಂದು ಸೈಟು ತಗೊಂಡು ಹಾಕಿದ್ರೆ ಹೇಗೆ?'

ತಗೊಳ್ಳಿ, ಬೇಡ ಅನ್ನೋರು ಯಾರು? ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು ನೋಡಿ. ರಿಜಿಸ್ಟ್ರೇಷನ್ ದಿನ ರೇಷ್ಮೆ ಸೀರೆ ಉಟ್ಟು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಫೋಟೋಗೆ ಕೂತು, ಹೆಬ್ಬೆಟ್ಟು ಒತ್ತಿ ಬರುತ್ತೇವೆ. ಫೈಲು ಬೀರು ಸೇರುತ್ತದೆ. ಅದರೊಳಗೆ ಏನಿದೆ ಅಂತ ಎಷ್ಟು ಜನ ಓದಿದ್ದೇವೆ? ಕಿಲೋ ಬೇಳೆಗೆ ನಾಲ್ಕು ಅಂಗಡಿ ತಿರುಗುವ ನಾವು ಐವತ್ತು ಲಕ್ಷದ ಕಾಗದಕ್ಕೆ ಓದದೆ ಸಹಿ ಹಾಕುತ್ತೇವೆ.

ಈ ಕಡೆಯ ಫೈಲು ಸುಲಭದ್ದೂ ಅಲ್ಲ. ಊರು ಹಳ್ಳಿಯಾಗಿತ್ತು, ಮಹದೇವಪುರ ನಗರಸಭೆಗೆ ಸೇರಿತ್ತು, 2007ರಲ್ಲಿ ಬಿಬಿಎಂಪಿಗೆ ಬಂತು, 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಪೂರ್ವ ನಗರ ಪಾಲಿಕೆಯಾಯಿತು. ಒಂದೇ ಸೈಟಿಗೆ ಇಷ್ಟೂ ಕಾಲದ ಕಾಗದ ಇರಬಹುದು. ಜಮೀನು ಕನ್ವರ್ಷನ್ ಆಗದೆ, ಬಡಾವಣೆ ನಕ್ಷೆಗೆ ಮಂಜೂರಾತಿ ಇಲ್ಲದೆ ಹಂಚಿದ ರೆವಿನ್ಯೂ ಸೈಟುಗಳು ಬಿ ಖಾತೆಯಲ್ಲೇ ಉಳಿದಿವೆ. ಬಿ ಖಾತೆ ಅಂದರೆ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ಅಷ್ಟೇ. ಅದನ್ನು ಎ ಮಾಡಿಸಲು 2025ರಲ್ಲಿ ಸರ್ಕಾರ ದಾರಿ ಮಾಡಿಕೊಟ್ಟಿದ್ದು ನಿಜ. ಆದರೆ 'ಎ ಆಗುತ್ತೆ ಮೇಡಂ' ಅನ್ನುವ ಬ್ರೋಕರ್ ಮಾತಿಗೆ ಎ ಖಾತೆಯ ಬೆಲೆ ಕೊಡಬೇಡಿ. ಜಿಪಿಎ ಮೇಲೆ ಮಾರ್ತೀವಿ ಅಂದರೆ ಎದ್ದು ಬನ್ನಿ. ಅದರಿಂದ ಮಾಲೀಕತ್ವ ಬರೋದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ರಾಜಕಾಲುವೆಯನ್ನೂ ಮರೆಯಬೇಡಿ. 2022ರ ಸೆಪ್ಟೆಂಬರ್ ಮಳೆಗೆ ಮಹದೇವಪುರದ ಬಡಾವಣೆಗಳು ಮುಳುಗಿದವು, ಹಿಂದೆಯೇ ಒತ್ತುವರಿ ಅಂತ ಪಾಲಿಕೆಯ ಜೆಸಿಬಿ ಬಂತು. ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರು, ಕೆರೆ, ಕಾಲುವೆ ಎಲ್ಲ ಕಾಣುತ್ತವೆ. ಮಕ್ಕಳಿಗೆ ಹೇಳಿದರೆ ತೆಗೆದು ತೋರಿಸುತ್ತಾರೆ.

ಇದೆಲ್ಲಕ್ಕಿಂತ ನಾನು ಒತ್ತಿ ಹೇಳಬೇಕೆನ್ನುವುದು ಇನ್ನೊಂದು ಸಂಗತಿ. ಮಾರುವವರ ವಂಶವೃಕ್ಷ ಕೇಳಿ, ಅದರಲ್ಲಿ ಹೆಣ್ಣುಮಕ್ಕಳ ಹೆಸರು ಹುಡುಕಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನ ಸಮ ಹಕ್ಕು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. ಅದರಲ್ಲಿ ಆಗಲೇ ಮದುವೆಯಾಗಿದ್ದವರನ್ನು ಬಿಟ್ಟಿದ್ದರು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೂ ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ ಮಾರುವುದು ನಡೆದೇ ಇದೆ. 'ಅಕ್ಕಂದಿರಿಗೆ ಅರಿಶಿನ ಕುಂಕುಮಕ್ಕೆ ಕೊಟ್ಟಿದ್ದೀವಿ, ಅವರು ಕೇಳಲ್ಲ' ಅನ್ನುತ್ತಾರೆ. ಕೇಳಿದರೆ? ನೀವು ಮನೆ ಕಟ್ಟಿ ಗೃಹಪ್ರವೇಶ ಮಾಡಿದ ಮೇಲೆ ಕೋರ್ಟ್ ನೋಟೀಸು ಬರುತ್ತದೆ. ಆಕೆಯ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದು. ತವರಲ್ಲಿ ನಮ್ಮನ್ನು ಕೇಳದೆ ಜಮೀನು ಮಾರಿದರೆ ನಾವೂ ಅದನ್ನೇ ಮಾಡುತ್ತೇವಲ್ಲವೇ? ಅಕ್ಕತಂಗಿಯರ ಸಹಿ ಕ್ರಯಪತ್ರದಲ್ಲೇ ಇರಲಿ, ಅಥವಾ ರಿಜಿಸ್ಟರ್ ಆದ ಹಕ್ಕು ಬಿಡುಗಡೆ ಪತ್ರ ಇರಲಿ. ಬಾಯಿಮಾತು ಬೇಡವೇ ಬೇಡ.

ಇನ್ನು ದುಡ್ಡಿನ ವಿಚಾರ. 60 ಲಕ್ಷದ ಫ್ಲಾಟಿಗೆ 60 ಲಕ್ಷ ಸಾಲದು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿತು. ಒಟ್ಟು 4,56,000 ರೂಪಾಯಿ! ದೆಹಲಿಯಲ್ಲಿ, ಮಹಾರಾಷ್ಟ್ರದಲ್ಲಿ ಹೆಂಗಸರ ಹೆಸರಿಗೆ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಉಂಟು. ನಮ್ಮಲ್ಲಿಲ್ಲ. ಹೆಣ್ಣುಮಕ್ಕಳ ಓಟಿಗೆ ಬರುವವರನ್ನು ಇದನ್ನೊಮ್ಮೆ ಕೇಳಬೇಕು. ಯಜಮಾನರ ದುಡ್ಡಲ್ಲಿ ನಿಮ್ಮ ಹೆಸರಿಗೆ ಕೊಂಡರೆ ಬಾಡಿಗೆ ಅವರ ಆದಾಯಕ್ಕೇ ಸೇರುತ್ತದೆ, ತೆರಿಗೆ ಉಳಿಯುವುದಿಲ್ಲ. ನಿಮ್ಮ ಚೀಟಿ, ತವರಿನ ಹಣ ಹಾಕಿದ್ದರೆ ಬ್ಯಾಂಕ್ ಮೂಲಕವೇ ಕೊಡಿ, ಲೆಕ್ಕ ಉಳಿಯುತ್ತದೆ.

ಅಷ್ಟು ದುಡ್ಡು ಇಲ್ಲವೇ? ಒಡವೆ ಅಡ ಇಡುವ ಮೊದಲು ಆರ್‌ಇಐಟಿ ಬಗ್ಗೆ ತಿಳಿದುಕೊಳ್ಳಿ. ದೊಡ್ಡ ಆಫೀಸ್ ಕಟ್ಟಡಗಳ ಬಾಡಿಗೆಯಲ್ಲಿ ಪಾಲು ಕೊಡುವ ಯೂನಿಟ್ಟುಗಳು ಇವು. ದೇಶದ ಮೊದಲನೆಯದು 2019ರಲ್ಲಿ ಬಂದದ್ದು, ನಮ್ಮ ಮಾನ್ಯತಾ ಟೆಕ್ ಪಾರ್ಕ್ ಅದರಲ್ಲಿದೆ. ಡಿಮ್ಯಾಟ್ ಖಾತೆ ಇದ್ದರೆ ಒಂದೇ ಯೂನಿಟ್ ಕೂಡ ಕೊಳ್ಳಬಹುದು. ಬೆಲೆ ಷೇರಿನಂತೆ ಏರಿಳಿಯುತ್ತದೆ, ಅದು ನೆನಪಿರಲಿ.

ಸೈಟೇ ಬೇಕು ಅಂದರೆ ಅಡ್ವಾನ್ಸ್ ಕೊಡುವ ಮೊದಲು ಮೂಲಪತ್ರ, ಇ-ಖಾತೆ, 30 ವರ್ಷದ ಇಸಿ ತರಿಸಿ. 2004ರ ಏಪ್ರಿಲ್‌ನಿಂದ ಈಚಿನ ಇಸಿ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ, ಹಳೆಯದಕ್ಕೆ ಕಚೇರಿಗೇ ಹೋಗಬೇಕು. ಲಾಯರನ್ನು ನೀವೇ ಹುಡುಕಿ, ಬ್ರೋಕರ್ ಕರೆತಂದವರು ಬೇಡ. ಅವರು ಕಾಗದ ನೋಡುವಾಗ ಕಾಫಿ ಮಾಡಲು ಏಳಬೇಡಿ, ಪಕ್ಕದಲ್ಲೇ ಕೂತಿರಿ.