ಯೂನಿಟ್ ತುಂಬಿದರೆ ಸಾಲದು

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ಪದವಿಯ ಮೂರನೇ ವರ್ಷಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಸೇರಬಹುದು. ಖರ್ಚು ಉಳಿಸಲು ಹಲವರು ಹಿಡಿಯುವ ದಾರಿಯಿದು. ಆದರೆ ಪೋಷಕರೇ ಗಮನಿಸಿ, 60 ಸೆಮಿಸ್ಟರ್ ಯೂನಿಟ್ ಗಳಿಸಿದರಷ್ಟೇ ಸಾಲದು; ಬೇಕಾದ ವಿಷಯಗಳಲ್ಲೇ ಗಳಿಸಿರಬೇಕು.

ಎಂಜಿನಿಯರಿಂಗ್ ಉದಾಹರಣೆ ನೋಡಿ. ಕ್ಯಾಲ್ಕುಲಸ್ ಇಲ್ಲದೆ ಅದಕ್ಕೆ ಬೇಕಾದ ಭೌತಶಾಸ್ತ್ರದ ತರಗತಿಗೆ ಪ್ರವೇಶವಿಲ್ಲ. ಅದರಲ್ಲೂ ಮೊದಲ ಭಾಗ ಮುಗಿಸದೆ ಎರಡನೆಯದಿಲ್ಲ. ಸರಪಳಿಯ ಒಂದು ಕೊಂಡಿ ತಪ್ಪಿದರೆ ವರ್ಷವೇ ಹೋದೀತು. ಉಳಿಸಿದ ಹಣವೂ ಅದರೊಂದಿಗೆ ಕರಗೀತು.

ಆದ್ದರಿಂದ ವಿದ್ಯಾರ್ಥಿಗಳೇ, ಸೇರಬೇಕಾದ ಕ್ಯಾಂಪಸ್ ಮತ್ತು ವಿಭಾಗವನ್ನು ಮೊದಲು ಆರಿಸಿ. ಯಾವ ಕಾಲೇಜಿನ ಯಾವ ಕೋರ್ಸ್ ಅಲ್ಲಿ ಸಲ್ಲುತ್ತದೆ ಎಂಬುದು ‘ಅಸಿಸ್ಟ್’ ಎಂಬ ಅಧಿಕೃತ ಜಾಲತಾಣದಲ್ಲಿದೆ. ಅದನ್ನು ಮುಂದಿಟ್ಟುಕೊಂಡು, ಕಾಲೇಜಿನ ಸಲಹೆಗಾರರೊಡನೆ ಕುಳಿತು ನಾಲ್ಕೂ ಸೆಮಿಸ್ಟರ್‌ಗಳ ಪಟ್ಟಿ ಬರೆಯಿರಿ.

ಡೇವಿಸ್, ಅರ್ವೈನ್ ಸೇರಿದಂತೆ ಆರು ಕ್ಯಾಂಪಸ್‌ಗಳು ಷರತ್ತು ಪೂರೈಸಿದವರಿಗೆ ಪ್ರವೇಶದ ಖಾತರಿ ನೀಡುತ್ತವೆ. ಕೆಲವು ವಿಭಾಗಗಳಿಗೆ ಮಾತ್ರ ಈ ಸೌಲಭ್ಯವಿಲ್ಲ. ಬರ್ಕ್ಲಿ, ಲಾಸ್ ಏಂಜಲೀಸ್ ಕ್ಯಾಂಪಸ್‌ಗಳಲ್ಲಿ ಈ ಖಾತರಿಯೇ ಇಲ್ಲ. ಇದರ ಅರ್ಜಿ ಹಾಕುವುದು ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ. ಅಂದರೆ ಕಾಲೇಜು ಸೇರಿ ಒಂದು ವರ್ಷ ಕಳೆಯುವಷ್ಟರಲ್ಲೇ! ಎರಡನೇ ವರ್ಷದಲ್ಲಿ ನೋಡಿಕೊಂಡರಾಯಿತು ಎನ್ನುವವರಿಗೆ ಆಗ ಸರಿಪಡಿಸಿಕೊಳ್ಳಲು ಸಮಯವೇ ಉಳಿದಿರುವುದಿಲ್ಲ.